ಎಂಜಿನ್ ಸೆನ್ಸರ್: ಬದಲಿಸುವ ಮುನ್ನ ಪರೀಕ್ಷಿಸಿ

ಗೌರಿಬಿದನೂರು ತಾಲ್ಲೂಕಿನ ನಗರಗೆರೆ ಹೋಬಳಿಯಲ್ಲಿ ಬೆಳೆದ ಮಾಲು ಮಾರುಕಟ್ಟೆ ಸೇರಬೇಕಾದರೆ ದೂರದ ಹಾದಿ ಸವೆಸಬೇಕು. ರೇಷ್ಮೆಗೂಡು ಮಂಚೇನಹಳ್ಳಿ, ಚಿಕ್ಕಬಳ್ಳಾಪುರ ದಾಟಿ ಶಿಡ್ಲಘಟ್ಟದ ಸರ್ಕಾರಿ ಗೂಡಿನ ಮಾರುಕಟ್ಟೆಗೆ ಹೋಗಬೇಕು. ಟೊಮೆಟೊ, ತರಕಾರಿ ಚಿಕ್ಕಬಳ್ಳಾಪುರಕ್ಕೋ ಚಿಂತಾಮಣಿಗೋ ಹೋಗಬೇಕು. ಇವು ಕಾಯುವ ಸರಕುಗಳಲ್ಲ. ಗೂಡು ದಿನ ಕಳೆದಂತೆ ತೂಕ ಕಳೆದುಕೊಳ್ಳುತ್ತದೆ. ತೀರ ತಡವಾದರೆ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ಅಂತಹ ಗೂಡು ನೂಲು ಬಿಚ್ಚಲು ಬಾರದು. ಆದುದರಿಂದ ಈ ಭಾಗದ ರೈತನಿಗೆ ಗಾಡಿಯ ಎಂಜಿನ್ ಸರಿಯಾಗಿರುವುದು ಪಂಪ್‌ಸೆಟ್ ಸರಿಯಾಗಿರುವಷ್ಟೇ ಮುಖ್ಯ.

ಈ ಹೋಬಳಿಯ ರೈತರೊಬ್ಬರ ಸಣ್ಣ ಸರಕು ಗಾಡಿಯಲ್ಲಿ ಒಮ್ಮೆ ಎಂಜಿನ್ನಿನ ಹಳದಿ ದೀಪ ಹತ್ತಿಕೊಂಡಿತು. ಬೆಳಗಿನ ಜಾವ ಎಂಜಿನ್ ಸಲೀಸಾಗಿ ಶುರುವಾಗುತ್ತಿರಲಿಲ್ಲ. ಶುರುವಾದ ಮೇಲೆ ತಣ್ಣಗಿದ್ದಾಗಲೂ ಫ್ಯಾನ್ ನಿಲ್ಲದೆ ತಿರುಗುತ್ತಿತ್ತು. ಇಂಧನದ ಖರ್ಚೂ ಏರಿತ್ತು. ನೀರಿನ ಶಾಖ ಅಳೆಯುವ ಸೆನ್ಸರ್ ಕೆಟ್ಟಿದೆಯೆಂದು ಹೇಳಿ ಹೊಸದನ್ನು ಹಾಕಿದರು. ನಾಲ್ಕು ದಿನಗಳಲ್ಲಿ ದೀಪ ಮತ್ತೆ ಬಂತು. ಹೊಸ ಸೆನ್ಸರೇ ಕಳಪೆಯಿರಬೇಕೆಂದು ಇನ್ನೊಂದನ್ನು ಹಾಕಿಸಿದರು. ಮೂರನೆಯ ಸಲ ಗೂಡು ತುಂಬಿದ ದಿನವೇ ಗಾಡಿ ಶುರುವಾಗಲಿಲ್ಲ. ಬಾಡಿಗೆ ಗಾಡಿ ಹುಡುಕಿ ಶಿಡ್ಲಘಟ್ಟ ಸೇರುವಷ್ಟರಲ್ಲಿ ಅಂದಿನ ಹರಾಜು ಮುಗಿದಿತ್ತು. ಕೊನೆಗೆ ನೋಡಿದರೆ ದೋಷವಿದ್ದದ್ದು ಸೆನ್ಸರಿನಲ್ಲಲ್ಲ, ಇಲಿ ಕಡಿದಿದ್ದ ಒಂದು ವೈರಿನಲ್ಲಿ. ಎರಡು ಸೆನ್ಸರುಗಳ ಬೆಲೆ, ಎರಡು ಸಲದ ಕೂಲಿ, ಒಂದು ದಿನದ ಹರಾಜು ಎಲ್ಲವೂ ವ್ಯರ್ಥವಾದವು.

ಬೇಸಾಯಶಾಸ್ತ್ರದವನಿಗೆ ಗಾಡಿಯ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ಬೆಳೆಯ ರೋಗ ಗುರುತಿಸುವ ಕ್ರಮವೂ ಎಂಜಿನ್ನಿನ ದೋಷ ಗುರುತಿಸುವ ಕ್ರಮವೂ ಒಂದೇ ಎಂಬುದು ನನ್ನ ಅನುಭವ. ಕಡಲೆಕಾಯಿ ಎಲೆ ಹಳದಿಯಾದೊಡನೆ ಯೂರಿಯಾ ಎರಚುವ ರೈತರನ್ನು ನಾವು ನೋಡಿದ್ದೇವೆ. ಆದರೆ ಸಾರಜನಕದ ಕೊರತೆಯಾದರೆ ಮೊದಲು ಕೆಳಗಿನ ಹಳೆಯ ಎಲೆಗಳು ಹಳದಿಯಾಗುತ್ತವೆ. ಸುಣ್ಣ ಹೆಚ್ಚಿರುವ ಭೂಮಿಯಲ್ಲಿ ಕಬ್ಬಿಣದ ಕೊರತೆಯಾದರೆ ತುದಿಯ ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಬಣ್ಣ ಒಂದೇ, ಕಾರಣ ಬೇರೆ. ಎಂಜಿನ್ನಿನ ಹಳದಿ ದೀಪವೂ ಹಾಗೆಯೇ.

ಸೆನ್ಸರ್ ಮಾಡುವ ಕೆಲಸ

ಹಿಂದಿನ ಪೆಟ್ರೋಲ್ ಎಂಜಿನ್ನುಗಳಲ್ಲಿ ಗಾಳಿ ಮತ್ತು ಇಂಧನವನ್ನು ಬೆರೆಸುವ ಕೆಲಸವನ್ನು ಕಾರ್ಬ್ಯುರೇಟರ್ ಮಾಡುತ್ತಿತ್ತು. ಡೀಸೆಲ್ ಎಂಜಿನ್ನಿನಲ್ಲಿ ಯಾಂತ್ರಿಕ ಪಂಪು ಇಂಧನವನ್ನು ಅಳೆದು ಕೊಡುತ್ತಿತ್ತು. ಈಗ ಈ ಲೆಕ್ಕವನ್ನೆಲ್ಲ ಒಂದು ಕಂಪ್ಯೂಟರ್ ಪೆಟ್ಟಿಗೆ ಮಾಡುತ್ತದೆ. ಮೆಕ್ಯಾನಿಕ್‌ಗಳು ಇದನ್ನು ಇಸಿಎಂ ಎಂದು ಕರೆಯುತ್ತಾರೆ. ಈ ಪೆಟ್ಟಿಗೆಗೆ ತಾನಾಗಿ ಏನೂ ಕಾಣದು. ನೀರಿನ ಶಾಖ, ಒಳಬರುವ ಗಾಳಿ, ಎಂಜಿನ್ನಿನ ವೇಗ, ಆಕ್ಸಿಲರೇಟರಿನ ಒತ್ತು, ಹೊಗೆಯಲ್ಲಿ ಉಳಿದ ಆಮ್ಲಜನಕ ಇವೆಲ್ಲವನ್ನೂ ಅಳೆದು ವಿದ್ಯುತ್ತಿನ ರೂಪದಲ್ಲಿ ಪೆಟ್ಟಿಗೆಗೆ ತಿಳಿಸುವ ಸಾಧನವೇ ಸೆನ್ಸರ್.

ಇವು ಇಂದು ನಿನ್ನೆ ಬಂದವಲ್ಲ. ಬಾಷ್ ಸಂಸ್ಥೆಯ ಆಮ್ಲಜನಕ ಸೆನ್ಸರ್ 1976ರಲ್ಲಿಯೇ ವೋಲ್ವೊ ಕಾರುಗಳಲ್ಲಿ ಬಂದಿತು. ಗಾಡಿಯೇ ತನ್ನ ದೋಷವನ್ನು ಗುರುತಿಸಿ ಒಂದೇ ಬಗೆಯ ಸಂಕೇತಗಳಲ್ಲಿ ತಿಳಿಸುವ ಪದ್ಧತಿಯನ್ನು ಅಮೆರಿಕದಲ್ಲಿ 1996ರಿಂದ ಹೊಸ ಕಾರುಗಳಿಗೆ ಕಡ್ಡಾಯಗೊಳಿಸಲಾಯಿತು. ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂದಿತು. ಅದರೊಂದಿಗೆ ಸಣ್ಣ ಸರಕು ಗಾಡಿಗಳಲ್ಲಿಯೂ ಸೆನ್ಸರುಗಳ ಸಂಖ್ಯೆ ಹೆಚ್ಚಿತು. 50 ಅಶ್ವಶಕ್ತಿಗಿಂತ ಹೆಚ್ಚಿನ ಟ್ರ್ಯಾಕ್ಟರುಗಳಿಗೆ 2023ರ ಜನವರಿ 1ರಿಂದ ಟ್ರೆಮ್ 4 ನಿಯಮ ಬಂದಿದೆ. ಆದುದರಿಂದ ಈ ವಿಷಯ ಕಾರು ಇರುವವರಿಗೆ ಮಾತ್ರ ಸೇರಿದ್ದಲ್ಲ.

ದೀಪ ಹತ್ತಿದಾಗ ರಸ್ತೆಯಲ್ಲಿ ಏನು ಮಾಡಬೇಕು?

ಮೊದಲು ದೀಪದ ಬಣ್ಣ ನೋಡಿ.

ಕೆಂಪು ದೀಪ: ಎಣ್ಣೆಕ್ಯಾನಿನ ಚಿತ್ರವಿರುವ ಕೆಂಪು ದೀಪ ಅಥವಾ ಶಾಖದ ಕೆಂಪು ದೀಪ ಹತ್ತಿದರೆ ಗಾಡಿಯನ್ನು ರಸ್ತೆಯ ಬದಿಗೆ ತಂದು ಎಂಜಿನ್ ಆರಿಸಿ. 'ಸೆನ್ಸರ್ ಕೆಟ್ಟಿರಬೇಕು' ಎಂದು ಹೇಳಿಕೊಂಡು ಮುಂದೆ ಹೋಗಕೂಡದು. ಎಣ್ಣೆಯ ಒತ್ತಡವಿಲ್ಲದೆ ಕೆಲವೇ ನಿಮಿಷ ಓಡಿಸಿದರೂ ಬೇರಿಂಗುಗಳು ಹೋಗುತ್ತವೆ. ಎಣ್ಣೆಯ ಮಟ್ಟವನ್ನೂ ಕೂಲೆಂಟಿನ ಮಟ್ಟವನ್ನೂ ನೋಡಿ, ಎರಡೂ ಸರಿಯಿವೆಯೆಂದು ಖಚಿತವಾದ ಮೇಲೆ ಮಾತ್ರ ಸೆನ್ಸರಿನ ಮೇಲೆ ಸಂಶಯಪಡಬೇಕು. ಎಂಜಿನ್ ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆಗೆಯಲೇಬಾರದು.

ನಿಂತು ಉರಿಯುವ ಹಳದಿ ದೀಪ: ಗಾಡಿ ಎಂದಿನಂತೆ ಓಡುತ್ತಿದ್ದರೆ ನಿಧಾನವಾಗಿ ಊರು ಸೇರಬಹುದು. ಆದರೆ ಬೇಗ ಪರೀಕ್ಷೆ ಮಾಡಿಸಬೇಕು.

ಮಿಣುಕುವ ಹಳದಿ ದೀಪ: ಪೆಟ್ರೋಲ್ ಎಂಜಿನ್ನಿನಲ್ಲಿ ಯಾವುದೋ ಸಿಲಿಂಡರು ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಉರಿಯದ ಇಂಧನ ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟು ಹಾಳುಮಾಡುತ್ತದೆ. ಕೂಡಲೇ ವೇಗ ತಗ್ಗಿಸಿ, ಆದಷ್ಟು ಬೇಗ ನಿಲ್ಲಿಸಿ.

ಸಂಕೇತ ಹೇಳುವುದೇನು?

ಸ್ಟಿಯರಿಂಗಿನ ಕೆಳಗೆ 16 ಪಿನ್ನುಗಳ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಸ್ಕ್ಯಾನರ್ ಸಿಕ್ಕಿಸಿದರೆ ಪಿ0118, ಪಿ0335 ಎಂಬಂತಹ ಸಂಕೇತಗಳು ಬರುತ್ತವೆ. 'ಪಿ' ಎಂದರೆ ಎಂಜಿನ್ ಮತ್ತು ಗೇರಿನ ಭಾಗ. ಅದರ ಮುಂದೆ ಸೊನ್ನೆಯಿದ್ದರೆ ಎಲ್ಲ ಕಂಪನಿಗಳಿಗೂ ಸಾಮಾನ್ಯವಾದ ಸಂಕೇತ. 1 ಇದ್ದರೆ ಆಯಾ ಕಂಪನಿಯದೇ ಸಂಕೇತ. ಮೊಬೈಲ್ ಫೋನಿಗೆ ಜೋಡಿಸಿಕೊಳ್ಳುವ ಸಣ್ಣ ಸ್ಕ್ಯಾನರುಗಳೂ ಈಗ ಅಂಗಡಿಗಳಲ್ಲಿ ದೊರೆಯುತ್ತವೆ.

ಇಲ್ಲಿ ರೈತರು ಚೆನ್ನಾಗಿ ಮನಸ್ಸಿನಲ್ಲಿಡಬೇಕಾದ ಮಾತೊಂದಿದೆ. ಪಿ0118 ಎಂಬ ಸಂಕೇತದ ಅರ್ಥ 'ನೀರಿನ ಶಾಖದ ಸೆನ್ಸರ್ ಕೆಟ್ಟಿದೆ' ಎಂದಲ್ಲ. 'ನೀರಿನ ಶಾಖದ ಸೆನ್ಸರಿನ ಸರ್ಕ್ಯೂಟಿನಲ್ಲಿ ವೋಲ್ಟೇಜು ಇರಬೇಕಾದುದಕ್ಕಿಂತ ಹೆಚ್ಚಾಗಿದೆ' ಎಂದು. ಸರ್ಕ್ಯೂಟು ಎಂದರೆ ಸೆನ್ಸರ್, ಅದರ ಕನೆಕ್ಟರ್, ಎರಡು ವೈರು, ಅರ್ತ್ ಮತ್ತು ಇಸಿಎಂ ಇವೆಲ್ಲವೂ ಸೇರಿದ್ದು. ಮನೆಯ ಬಲ್ಬು ಉರಿಯದಿದ್ದರೆ ಬಲ್ಬೇ ಹೋಗಿರಬೇಕೆಂದಿಲ್ಲ. ಸ್ವಿಚ್ಚು, ಫ್ಯೂಸು, ವೈರು ಯಾವುದೂ ಆಗಿರಬಹುದು. ಸ್ಕ್ಯಾನರ್ ದೂರು ಯಾವ ಕಡೆಯಿಂದ ಬಂದಿದೆಯೆಂಬುದನ್ನು ಮಾತ್ರ ಹೇಳುತ್ತದೆ. ತಪ್ಪು ಯಾರದೆಂಬುದನ್ನು ಅಳೆದು ತಿಳಿಯಬೇಕು.

ಇನ್ನೊಂದು ಬಗೆಯ ಸಂಕೇತಗಳೂ ಇವೆ. ಪಿ0171 ಎಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚು, ಇಂಧನ ಕಡಿಮೆ ಎಂದರ್ಥ. ಇದನ್ನು ಪತ್ತೆಮಾಡಿದ್ದು ಆಮ್ಲಜನಕ ಸೆನ್ಸರ್. ಅಂದರೆ ಅದು ತನ್ನ ಕೆಲಸ ಮಾಡಿದೆ. ನಿಜವನ್ನು ಹೇಳಿದ ಸೆನ್ಸರನ್ನೇ ಕಿತ್ತು ಬಿಸಾಡುವುದು ನಮ್ಮಲ್ಲಿ ತುಂಬ ನಡೆಯುತ್ತದೆ.

ನಾನೂ ಇದೇ ತಪ್ಪು ಮಾಡಿದ್ದೇನೆ. ನಗರಗೆರೆಯ ಕಡೆ ಬೆಳೆ ನೋಡಲು ಹೋಗಿದ್ದಾಗ ನನ್ನ ಕಾರಿನಲ್ಲಿ ಈ ಸಂಕೇತ ಬಂತು. ಗ್ಯಾರೇಜಿನಲ್ಲಿ ಆಮ್ಲಜನಕ ಸೆನ್ಸರ್ ಬದಲಿಸಬೇಕೆಂದರು, ನಾನು ಒಪ್ಪಿದೆ. ಮೂರು ದಿನಗಳಲ್ಲಿ ದೀಪ ಮರಳಿ ಬಂತು. ಆಮೇಲೆ ನಿಧಾನವಾಗಿ ನೋಡಿದರೆ ಏರ್ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಯ ಮಡಿಕೆಯಲ್ಲಿ ಬೆರಳುದ್ದದ ಸೀಳು ಇತ್ತು. ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬೇಡಿ ಎಂದು ಊರೂರಿಗೆ ಹೇಳುವ ನಾನು ಪರೀಕ್ಷೆ ಮಾಡದೆ ಸೆನ್ಸರ್ ಹಾಕಿಸಿದ್ದೆ.

ಬೇಕಾಗುವ ಸಾಧನಗಳು

ಒಂದು ಡಿಜಿಟಲ್ ಮಲ್ಟಿಮೀಟರ್, ಒಂದು ಸಾಧಾರಣ ಸ್ಕ್ಯಾನರ್, ಒಂದು ಟಾರ್ಚು, ಸಣ್ಣ ವೈರಿನ ತುಂಡು. ಪಂಪ್‌ಸೆಟ್ಟಿನ ಸ್ಟಾರ್ಟರಿಗಾಗಿ ಅನೇಕ ರೈತರ ಮನೆಯಲ್ಲಿ ಮಲ್ಟಿಮೀಟರ್ ಈಗಾಗಲೇ ಇರುತ್ತದೆ. ಇದೇ ಸಾಕು.

ಮುನ್ನೆಚ್ಚರಿಕೆ: ಹೊಸ ಡೀಸೆಲ್ ಎಂಜಿನ್ನಿನ ಇಂಧನ ಕೊಳವೆಗಳಲ್ಲಿ 1000 ಬಾರ್‌ಗೂ ಮಿಕ್ಕ ಒತ್ತಡವಿರುತ್ತದೆ. ಅವನ್ನು ಸಡಿಲಿಸಬಾರದು, ಸೋರಿಕೆಯನ್ನು ಕೈಯಿಂದ ಮುಟ್ಟಿ ನೋಡಬಾರದು. ಹಳದಿ ಹೊದಿಕೆಯ ವೈರುಗಳು ಸಾಮಾನ್ಯವಾಗಿ ಏರ್‌ಬ್ಯಾಗಿಗೆ ಸೇರಿದವು. ಅವುಗಳಿಗೆ ಮೀಟರ್ ಹಚ್ಚಕೂಡದು. ಕನೆಕ್ಟರ್ ಬಿಚ್ಚುವಾಗಲೂ ಹಾಕುವಾಗಲೂ ಕೀ ಆಫ್ ಆಗಿರಲಿ.

ಪರೀಕ್ಷೆಯ ಕ್ರಮ

1. ಸಂಕೇತವನ್ನು ಬರೆದುಕೊಳ್ಳಿ. ದೀಪ ಆರಿಸುವುದಕ್ಕಾಗಿ ಬ್ಯಾಟರಿಯ ತಂತಿ ಕಳಚುವ ಅಭ್ಯಾಸ ಒಳ್ಳೆಯದಲ್ಲ. ದೋಷ ಬಂದಾಗ ಎಂಜಿನ್ನಿನ ವೇಗವೆಷ್ಟು, ಶಾಖವೆಷ್ಟು ಎಂಬ ವಿವರವನ್ನೂ ಇಸಿಎಂ ಉಳಿಸಿಕೊಂಡಿರುತ್ತದೆ. ತಂತಿ ಕಳಚಿದರೆ ಈ ಸಾಕ್ಷಿಯೆಲ್ಲ ಅಳಿಸಿಹೋಗಬಹುದು. ಗಾಡಿ ತಣ್ಣಗಿದ್ದಾಗ ತೊಂದರೆಯೋ, ಬಿಸಿಯಾದ ಮೇಲೋ, ಏರು ಹತ್ತುವಾಗಲೋ, ಮಳೆ ಬಂದ ಮರುದಿನವೋ ಎಂಬುದನ್ನು ನೀವೂ ಗುರುತು ಹಾಕಿಕೊಳ್ಳಿ.

2. ಬ್ಯಾಟರಿಯನ್ನು ಅಳೆಯಿರಿ. ಎಂಜಿನ್ ಆರಿಸಿ ಕೆಲವು ಗಂಟೆ ಬಿಟ್ಟ ಮೇಲೆ ಒಳ್ಳೆಯ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸಬೇಕು. ಸೆಲ್ಫ್ ಹೊಡೆಯುವಾಗ 10 ವೋಲ್ಟಿಗಿಂತ ಬಹಳ ಕೆಳಗೆ ಇಳಿಯಬಾರದು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇರಬೇಕು. ಬ್ಯಾಟರಿ ಸೋತಿದ್ದರೆ ಸರಿಯಿರುವ ಸೆನ್ಸರುಗಳ ಮೇಲೂ ಸುಳ್ಳು ಸಂಕೇತಗಳು ಬರುತ್ತವೆ. ಬ್ಯಾಟರಿ ಸರಿಪಡಿಸುವವರೆಗೆ ಬೇರೆ ಯಾವ ಅಳತೆಯನ್ನೂ ನಂಬಬೇಡಿ.

3. ಕಣ್ಣಿನಿಂದ ನೋಡಿ. ಬಾನೆಟ್ ಎತ್ತಿ ಟಾರ್ಚಿನ ಬೆಳಕಿನಲ್ಲಿ ವೈರುಗಳನ್ನು ಉದ್ದಕ್ಕೂ ನೋಡಿ. ಇಲಿ ಕಡಿದ ಗುರುತು, ಬಿಸಿ ಭಾಗಕ್ಕೆ ತಾಗಿ ಕರಗಿದ ಹೊದಿಕೆ, ಕನೆಕ್ಟರಿನೊಳಗೆ ಹಸಿರು ಕಿಲುಬು, ನೀರು, ಬಗ್ಗಿದ ಪಿನ್ನು, ಸಡಿಲವಾದ ಬೀಗ ಇವನ್ನು ಹುಡುಕಿ. ರಬ್ಬರ್ ಕೊಳವೆಗಳನ್ನು ಬಗ್ಗಿಸಿ ಸೀಳು ನೋಡಿ. ಈ ಕೆಲಸಕ್ಕೆ ಕಾಸು ಬೇಡ, ಕಾಲು ಗಂಟೆ ಸಾಕು.

4. ಅಲುಗಿಸಿ ನೋಡಿ. ಎಂಜಿನ್ ಓಡುತ್ತಿರುವಾಗ ಸ್ಕ್ಯಾನರಿನಲ್ಲಿ ಆ ಸೆನ್ಸರಿನ ಅಂಕಿಯನ್ನು ಇಟ್ಟುಕೊಂಡು, ತಿರುಗುವ ಬೆಲ್ಟು ಮತ್ತು ಫ್ಯಾನಿನಿಂದ ಕೈ ದೂರವಿಟ್ಟು, ವೈರನ್ನು ಮೆಲ್ಲಗೆ ಅಲುಗಿಸಿ. ಅಂಕಿ ಹಠಾತ್ತನೆ ನೆಗೆದರೆ ದೋಷ ನೀವು ಹಿಡಿದಿರುವ ವೈರಿನಲ್ಲಿಯೇ ಇದೆ.

5. ಅರ್ತ್ ಪರೀಕ್ಷಿಸಿ. ಎಂಜಿನ್ ಓಡುವಾಗ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಸೆನ್ಸರಿನ ಅರ್ತ್ ವೈರಿಗೂ ಮುಟ್ಟಿಸಿ. 0.1 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಸರಿಯಿಲ್ಲ. ತುಕ್ಕು ಹಿಡಿದ ಅರ್ತ್ ಬೋಲ್ಟನ್ನು ಉಜ್ಜಿ ಬಿಗಿದರೆ ಎಷ್ಟೋ ಸಲ ರೋಗ ಅಲ್ಲಿಗೇ ವಾಸಿಯಾಗುತ್ತದೆ.

6. ಒಟ್ಟಿಗೆ ಅನೇಕ ಸಂಕೇತಗಳು ಬಂದರೆ ಸಮಾನವಾದುದನ್ನು ಹುಡುಕಿ. ಡ್ರಿಪ್ಪಿನ ಒಂದು ಸಾಲಿನ ಗಿಡಗಳೆಲ್ಲ ಬಾಡಿದರೆ ನೀವು ಗಿಡಗಳನ್ನು ನೋಡುವುದಿಲ್ಲ, ವಾಲ್ವನ್ನು ನೋಡುತ್ತೀರಿ. ಇಲ್ಲಿಯೂ ಹಾಗೆ. ಮೂರು ವೈರಿನ ಅನೇಕ ಸೆನ್ಸರುಗಳಿಗೆ ಇಸಿಎಂ ಒಂದೇ ಮೂಲದಿಂದ 5 ವೋಲ್ಟ್ ಕೊಡುತ್ತದೆ. ಒಂದು ಸೆನ್ಸರ್ ಒಳಗೇ ಶಾರ್ಟ್ ಆದರೆ ಎಲ್ಲದರ 5 ವೋಲ್ಟೂ ಬಿದ್ದುಹೋಗುತ್ತದೆ. ಆ ಸಾಲಿನ ಸೆನ್ಸರುಗಳ ಕನೆಕ್ಟರನ್ನು ಒಂದೊಂದಾಗಿ ಬಿಚ್ಚುತ್ತ ಅಳೆಯಿರಿ. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳಿ ಬರುತ್ತದೆಯೋ ಅದೇ ಕೆಟ್ಟಿರುವುದು. ಎಲ್ಲವನ್ನೂ ಬಿಚ್ಚಿದರೂ ಬಾರದಿದ್ದರೆ ವೈರಿಂಗ್ ನೋಡಬೇಕು.

ಇಷ್ಟು ಮುಗಿದ ಮೇಲೆ ಆಯಾ ಸೆನ್ಸರಿನ ಪರೀಕ್ಷೆಗೆ ಹೋಗಬೇಕು.

ನೀರಿನ ಶಾಖದ ಸೆನ್ಸರ್

ಇದು ಎರಡು ವೈರಿನ ಸರಳ ಸಾಧನ. ತಣ್ಣಗಿದ್ದಾಗ ಇದರ ತಡೆ ಹೆಚ್ಚು, ಬಿಸಿಯಾದಂತೆ ಕಡಿಮೆ. ಬಹಳಷ್ಟು ಗಾಡಿಗಳಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 2000ದಿಂದ 3000 ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್ ಇರುತ್ತದೆ.

ಬೆಳಗಿನ ಪರೀಕ್ಷೆ: ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎಂಜಿನ್ ಶುರುಮಾಡದೆ ಕೀ ಮಾತ್ರ ಆನ್ ಮಾಡಿ ಸ್ಕ್ಯಾನರ್ ನೋಡಿ. ನೀರಿನ ಶಾಖ, ಒಳಗಾಳಿಯ ಶಾಖ ಮತ್ತು ಹೊರಗಿನ ಹವೆ ಮೂರೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಮಾತ್ರ ಬಹಳ ಬೇರೆಯಾದರೆ ಅದರ ಮೇಲೆ ಸಂಶಯಪಡಬೇಕು.

ವೈರಿನ ಪರೀಕ್ಷೆ: ಸೆನ್ಸರಿನ ಕನೆಕ್ಟರ್ ಬಿಚ್ಚಿ ಕೀ ಆನ್ ಮಾಡಿದರೆ ಸ್ಕ್ಯಾನರಿನಲ್ಲಿ ಶಾಖ ಸಾಮಾನ್ಯವಾಗಿ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಬೀಳಬೇಕು. ನಂತರ ಕನೆಕ್ಟರಿನ ಎರಡು ಪಿನ್ನುಗಳನ್ನು ವೈರಿನ ತುಂಡಿನಿಂದ ಸೇರಿಸಿದರೆ ಅಂಕಿ 100 ಡಿಗ್ರಿಯನ್ನು ಮೀರಿ ಮೇಲೇರಬೇಕು. ಹೀಗೆ ಎರಡೂ ತುದಿಗೆ ಹೋದರೆ ವೈರು ಮತ್ತು ಇಸಿಎಂ ಸರಿಯಿವೆ, ಸೆನ್ಸರೇ ಕೆಟ್ಟಿದೆ. ಪಿನ್ನು ಸೇರಿಸಿದರೂ ಅಂಕಿ ಮೈನಸ್ 40ರಲ್ಲಿಯೇ ನಿಂತರೆ ವೈರು ತುಂಡಾಗಿದೆ. ಹೊಸ ಸೆನ್ಸರ್ ಹಾಕಿ ಪ್ರಯೋಜನವಿಲ್ಲ. ಕೆಲವು ಗಾಡಿಗಳ ಇಸಿಎಂ ದೋಷ ಕಂಡೊಡನೆ ತಾನೇ ಊಹಿಸಿದ ಅಂಕಿ ತೋರಿಸುವುದುಂಟು. ಅಂತಹ ಗಾಡಿಯಲ್ಲಿ ಮೀಟರಿನಿಂದ ಕನೆಕ್ಟರಿನ ಎರಡು ಪಿನ್ನುಗಳ ನಡುವೆ 5 ವೋಲ್ಟ್ ಇದೆಯೇ ಎಂದು ಅಳೆಯಿರಿ. ಪಿನ್ನು ಸೇರಿಸುವ ಈ ಪರೀಕ್ಷೆ ಎರಡು ವೈರಿನ ಶಾಖದ ಸೆನ್ಸರಿಗೆ ಮಾತ್ರ. ಮೂರು ವೈರಿನ ಸೆನ್ಸರುಗಳಲ್ಲಿ ಹೀಗೆ ಮಾಡಿದರೆ ಇಸಿಎಂಗೆ ಹಾನಿಯಾದೀತು.

ಮೇಲೆ ಹೇಳಿದ ಗೂಡಿನ ಗಾಡಿಯಲ್ಲಿ ನಡೆದದ್ದು ಇದೇ. ಪಿನ್ನು ಸೇರಿಸಿದರೂ ಅಂಕಿ ಕದಲಲಿಲ್ಲ. ವೈರನ್ನು ಹಿಡಿದು ಹಿಂದಕ್ಕೆ ಹೋದಾಗ ಬ್ಯಾಟರಿಯ ಕೆಳಗೆ ಇಲಿ ಕಡಿದ ಜಾಗ ಸಿಕ್ಕಿತು. ತಾಮ್ರದ ಒಂದೆರಡು ಎಳೆಗಳು ಮಾತ್ರ ಉಳಿದಿದ್ದು, ಗಾಡಿ ಕುಲುಕಿದಂತೆ ತಾಗುತ್ತಲೂ ಬಿಡುತ್ತಲೂ ಇದ್ದವು. ಹೊಸ ಸೆನ್ಸರ್ ಹಾಕಿದಾಗ ನಾಲ್ಕು ದಿನ ಸರಿಹೋದಂತೆ ಕಂಡದ್ದು ಈ ಕಾರಣದಿಂದ. ಇಸಿಎಂ ಮಾತ್ರ ಎಂಜಿನ್ ಹಿಮದಲ್ಲಿದೆಯೆಂದು ತಿಳಿದು ಹೆಚ್ಚು ಇಂಧನ ಸುರಿಯುತ್ತಿತ್ತು.

ಇನ್ನೊಂದು ಸಂದರ್ಭ: ದೂರ ಓಡಿದ ಮೇಲೂ ಶಾಖ 60 ಡಿಗ್ರಿ ದಾಟದಿದ್ದರೆ ಸೆನ್ಸರನ್ನು ದೂರಬೇಡಿ. ಥರ್ಮೋಸ್ಟಾಟ್ ತೆರೆದುಕೊಂಡೇ ನಿಂತಿರಬಹುದು.

ಕ್ರ್ಯಾಂಕ್ ಸೆನ್ಸರ್

ಎಂಜಿನ್ ಎಷ್ಟು ವೇಗದಲ್ಲಿ, ಯಾವ ಸ್ಥಾನದಲ್ಲಿ ತಿರುಗುತ್ತಿದೆಯೆಂದು ಹೇಳುವುದು ಇದು. ಇದರ ಸಂಕೇತ ಬಾರದಿದ್ದರೆ ಸಾಮಾನ್ಯವಾಗಿ ಎಂಜಿನ್ ಶುರುವಾಗುವುದೇ ಇಲ್ಲ. ಬಿಸಿಯಾದ ಮೇಲೆ ಎಂಜಿನ್ ತಟ್ಟನೆ ನಿಂತು, ಅರ್ಧ ಗಂಟೆ ತಣಿದ ಮೇಲೆ ಏನೂ ಆಗಿಲ್ಲವೆಂಬಂತೆ ಶುರುವಾದರೆ ಇದರ ಮೇಲೆ ಸಂಶಯಪಡಬಹುದು.

ಪರೀಕ್ಷೆ ಸುಲಭ. ಸೆಲ್ಫ್ ಹೊಡೆಯುತ್ತ ಸ್ಕ್ಯಾನರಿನಲ್ಲಿ ಎಂಜಿನ್ನಿನ ವೇಗ ನೋಡಿ. ನಿಮಿಷಕ್ಕೆ 150ರಿಂದ 300 ಸುತ್ತು ತೋರಿಸಿದರೆ ಸೆನ್ಸರ್ ಕೆಲಸ ಮಾಡುತ್ತಿದೆ. ಇಂಧನದ ಕಡೆ ನೋಡಿ. ಎಂಜಿನ್ ತಿರುಗುತ್ತಿದ್ದರೂ ಸೊನ್ನೆ ತೋರಿಸಿದರೆ ಸೆನ್ಸರನ್ನೂ ಅದರ ವೈರನ್ನೂ ಪರೀಕ್ಷಿಸಿ. ಗಾಡಿ ನಿಂತ ಕೂಡಲೇ, ಬಿಸಿಯಿರುವಾಗಲೇ ಈ ಪರೀಕ್ಷೆ ಮಾಡಬೇಕು. ತಣಿದ ಮೇಲೆ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಸೆನ್ಸರ್ ಬಿಚ್ಚಿದಾಗ ಅದರ ತುದಿಗೆ ಕಬ್ಬಿಣದ ಪುಡಿ ಅಂಟಿದ್ದರೆ ಒರೆಸಿ ಹಾಕಿ ನೋಡಿ. ಎರಡು ವೈರಿನ ಸುರುಳಿ ಬಗೆಯದನ್ನು ಓಮ್ ಮೀಟರಿನಿಂದ ಅಳೆಯಬಹುದು. ಮೂರು ವೈರಿನ ಬಗೆಯದನ್ನು ಹಾಗೆ ಅಳೆಯಕೂಡದು.

ಗಾಳಿಯ ಸೆನ್ಸರುಗಳು

ಒಳಬರುವ ಗಾಳಿಯನ್ನು ಕೆಲವು ಗಾಡಿಗಳಲ್ಲಿ ಒತ್ತಡದಿಂದಲೂ ಕೆಲವದರಲ್ಲಿ ಕಾದ ತಂತಿಯ ಸೆನ್ಸರಿನಿಂದಲೂ ಅಳೆಯುತ್ತಾರೆ.

ಒತ್ತಡದ ಸೆನ್ಸರನ್ನು ಪರೀಕ್ಷಿಸಲು ನಮ್ಮ ಊರಿನ ಎತ್ತರವೇ ಅಳತೆಗೋಲು. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪ್ಯಾಸ್ಕಲ್. ಗೌರಿಬಿದನೂರು ಸುಮಾರು 700 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಎಂಜಿನ್ ಆರಿಸಿ ಕೀ ಮಾತ್ರ ಆನ್ ಮಾಡಿದಾಗ 92ರಿಂದ 94 ತೋರಿಸಬೇಕು. ಇನ್ನೂ ಎತ್ತರದ ಚಿಕ್ಕಬಳ್ಳಾಪುರದಲ್ಲಿ 91ರ ಆಸುಪಾಸು ತೋರಿಸಬೇಕು. ಇಲ್ಲಿ 101 ಇಲ್ಲವೆಂದು ಸೆನ್ಸರ್ ಬದಲಿಸಿದರೆ ಅದು ಅಜ್ಞಾನ. ಪೆಟ್ರೋಲ್ ಎಂಜಿನ್ ಶುರುವಾಗಿ ನಿಧಾನಗತಿಯಲ್ಲಿದ್ದಾಗ ಈ ಅಂಕಿ 30ರಿಂದ 45ಕ್ಕೆ ಇಳಿಯಬೇಕು. ಇಳಿಯದಿದ್ದರೆ ಎಲ್ಲಿಯೋ ಗಾಳಿ ಸೋರುತ್ತಿರಬಹುದು. ಡೀಸೆಲ್ ಎಂಜಿನ್ನಿನಲ್ಲಿ ಹೀಗೆ ಇಳಿಯುವುದಿಲ್ಲ. ಟರ್ಬೊ ಇದ್ದರೆ ಭಾರ ಬಿದ್ದಾಗ ಒತ್ತಡ ಏರುತ್ತದೆ.

ಕಾದ ತಂತಿಯ ಸೆನ್ಸರಿಗೆ ಧೂಳೇ ಶತ್ರು. ಕಡಲೆಕಾಯಿ ಬಿಡಿಸುವ ಕಾಲದಲ್ಲಿ, ರಾಗಿ ಒಕ್ಕಣೆಯ ಕಣದಲ್ಲಿ ಓಡಾಡುವ ಗಾಡಿಯ ಫಿಲ್ಟರ್ ಬೇಗ ತುಂಬುತ್ತದೆ. ಫಿಲ್ಟರ್ ಸರಿಯಾಗಿ ಕೂರದಿದ್ದರೆ ಧೂಳು ತಂತಿಗೆ ಅಂಟಿ ಗಾಳಿಯ ಅಳತೆ ತಪ್ಪುತ್ತದೆ, ಪಿಕಪ್ ಕುಗ್ಗುತ್ತದೆ. ಇದಕ್ಕೆಂದೇ ದೊರೆಯುವ ಸ್ಪ್ರೇಯಿಂದ ಮಾತ್ರ ಶುಚಿ ಮಾಡಬೇಕು. ಬಟ್ಟೆಯಿಂದ ಒರೆಸಿದರೂ, ಕಂಪ್ರೆಸರ್ ಗಾಳಿ ಹೊಡೆದರೂ ತಂತಿ ಹಾಳಾಗುತ್ತದೆ.

ಆಮ್ಲಜನಕ ಸೆನ್ಸರ್

ಪೆಟ್ರೋಲ್ ಗಾಡಿಗಳ ಹೊಗೆಕೊಳವೆಯಲ್ಲಿರುವ ಇದು ಸುಮಾರು 300 ಡಿಗ್ರಿಗೆ ಕಾದ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಸಾಮಾನ್ಯ ಬಗೆಯದು 0.1ರಿಂದ 0.9 ವೋಲ್ಟಿನ ನಡುವೆ ಮೇಲೆ ಕೆಳಗೆ ಓಡಾಡುತ್ತಿರಬೇಕು. ಆಕ್ಸಿಲರೇಟರ್ ತಟ್ಟನೆ ಒತ್ತಿದಾಗ 0.9ರ ಕಡೆಗೂ, ಬಿಟ್ಟಾಗ 0.1ರ ಕಡೆಗೂ ಹೋದರೆ ಸೆನ್ಸರ್ ಜೀವಂತವಾಗಿದೆ. ಕೆಲವು ಹೊಸ ಗಾಡಿಗಳಲ್ಲಿ ಬೇರೆ ಬಗೆಯ ಸೆನ್ಸರ್ ಇರುವುದರಿಂದ ಅವುಗಳಿಗೆ ಕಂಪನಿಯ ಕೈಪಿಡಿಯ ಅಂಕಿಗಳನ್ನೇ ಅನುಸರಿಸಬೇಕು.

ಪಿ0171 ಬಂದಾಗ ಸ್ಕ್ಯಾನರಿನಲ್ಲಿ ಇಂಧನ ತಿದ್ದುಪಡಿಯ ಶೇಕಡಾ ಅಂಕಿ ನೋಡಿ. ಮೆಕ್ಯಾನಿಕ್‌ಗಳು ಇದನ್ನು ಫ್ಯೂಯೆಲ್ ಟ್ರಿಮ್ ಎನ್ನುತ್ತಾರೆ. ನಿಧಾನಗತಿಯಲ್ಲಿ ಹೆಚ್ಚಾಗಿದ್ದು 2500 ಸುತ್ತಿನಲ್ಲಿ ಸರಿಹೋದರೆ ಗಾಳಿ ಸೋರುತ್ತಿದೆ. ವೇಗ ಮತ್ತು ಭಾರ ಹೆಚ್ಚಿದಂತೆ ಅಂಕಿಯೂ ಏರಿದರೆ ಇಂಧನದ ಪೂರೈಕೆ ಸಾಲದು. ಫಿಲ್ಟರ್ ಮತ್ತು ಪಂಪು ನೋಡಬೇಕು. ನನ್ನ ಕಾರಿನ ಸೀಳು ಕೊಳವೆಯನ್ನು ತೋರಿಸಿಕೊಟ್ಟದ್ದು ಈ ಅಂಕಿಯೇ.

ಹೊಲದ ಯೂರಿಯಾ ಟ್ಯಾಂಕಿಗೆ ಹಾಕಬೇಡಿ

ಕೆಲವು ಭಾರತ್ ಸ್ಟೇಜ್ 6 ಡೀಸೆಲ್ ಗಾಡಿಗಳಲ್ಲಿ ಹೊಗೆ ಶುದ್ಧಿಗಾಗಿ ಡಿಇಎಫ್ ಎಂಬ ದ್ರವದ ಪ್ರತ್ಯೇಕ ಟ್ಯಾಂಕ್ ಇರುತ್ತದೆ. ಈ ದ್ರವ ಶೇ. 32.5ರಷ್ಟು ಶುದ್ಧ ಯೂರಿಯಾ ಕರಗಿಸಿದ ಖನಿಜರಹಿತ ನೀರು. ಮನೆಯಲ್ಲಿ ಯೂರಿಯಾ ಚೀಲ ಇರುವಾಗ ಇದನ್ನು ಕೊಳ್ಳುವುದೇಕೆ ಎಂದು ಕೆಲವರು ಕೇಳಿದ್ದಾರೆ. ಇದು ನನ್ನ ವಿಷಯವೇ ಆದ್ದರಿಂದ ಖಚಿತವಾಗಿ ಹೇಳುತ್ತೇನೆ: ಹಾಕಕೂಡದು. ನಮ್ಮ ಗೊಬ್ಬರದ ಯೂರಿಯಾಕ್ಕೆ 2015ರಿಂದ ಸಂಪೂರ್ಣವಾಗಿ ಬೇವಿನೆಣ್ಣೆಯ ಲೇಪನವಿದೆ. ಅದರಲ್ಲಿ ಬೈಯುರೆಟ್ ಎಂಬ ಅಂಶ ಶೇ. 1.5ರವರೆಗೆ ಇರಬಹುದು, ಡಿಇಎಫ್ ದ್ರವದಲ್ಲಿ ಶೇ. 0.3ನ್ನು ಮೀರುವಂತಿಲ್ಲ. ಎಣ್ಣೆ, ಬೈಯುರೆಟ್ ಮತ್ತು ಬಾವಿ ನೀರಿನ ಲವಣಗಳು ಸೇರಿ ಸಿಂಪಡಿಸುವ ನಳಿಕೆಯನ್ನು ಕಟ್ಟಿಸುತ್ತವೆ, ಸೆನ್ಸರುಗಳನ್ನು ಮೋಸಗೊಳಿಸುತ್ತವೆ, ಬೆಲೆಬಾಳುವ ಕ್ಯಾಟಲಿಸ್ಟನ್ನು ಹಾಳುಮಾಡುತ್ತವೆ. ಅಲ್ಲದೆ ಸಹಾಯಧನದ ಯೂರಿಯಾವನ್ನು ಬೇಸಾಯಕ್ಕಲ್ಲದೆ ಬಳಸುವುದು ಕಾನೂನಿಗೆ ವಿರುದ್ಧ.

ದೋಷ ಬಾರದಂತೆ ತಡೆಯುವುದು

1. ಗಾಡಿಯನ್ನು ರಾಗಿ ಹುಲ್ಲಿನ ಮೆದೆ, ಹಿಂಡಿ ಚೀಲ, ಕಾಳಿನ ರಾಶಿಯ ಪಕ್ಕ ನಿಲ್ಲಿಸಬೇಡಿ. ಇಲಿಗೆ ಬೆಚ್ಚಗಿನ ಎಂಜಿನ್ ಒಳ್ಳೆಯ ಮನೆ. ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ.

2. ಎಂಜಿನ್ನಿಗೆ ಪ್ರೆಷರ್ ನೀರು ಹೊಡೆಸಬೇಡಿ. ಕನೆಕ್ಟರಿನೊಳಗೆ ಹೊಕ್ಕ ನೀರು ವಾರಗಳ ನಂತರ ಕಿಲುಬಾಗಿ ತೊಂದರೆ ಕೊಡುತ್ತದೆ.

3. ಗೊಬ್ಬರದ ಚೀಲ ಸಾಗಿಸಿದ ಮೇಲೆ ಚೆಲ್ಲಿದ ಪುಡಿಯನ್ನು ಗುಡಿಸಿ ತೆಗೆಯಿರಿ. ತೇವ ತಾಗಿದ ಗೊಬ್ಬರ ಕೆಳಗಿನ ವೈರು ಮತ್ತು ಅರ್ತ್ ಬೋಲ್ಟನ್ನು ತಿನ್ನುತ್ತದೆ.

4. ಕಡಿದ ವೈರನ್ನು ತಿರುಚಿ ಟೇಪು ಸುತ್ತಿದರೆ ಸಾಲದು. ಬೆಸುಗೆ ಹಾಕಿಸಿ ಅಥವಾ ಸರಿಯಾದ ಕ್ರಿಂಪ್ ಹಾಕಿಸಿ, ನೀರು ಹೊಗದಂತೆ ಮುಚ್ಚಿಸಿ.

ಗ್ಯಾರೇಜಿನಲ್ಲಿ ಕೇಳಬೇಕಾದ ಪ್ರಶ್ನೆಗಳು

ಈ ಪರೀಕ್ಷೆಗಳನ್ನೆಲ್ಲ ರೈತನೇ ಮಾಡಬೇಕೆಂದಿಲ್ಲ. ಆದರೆ ಅವು ನಡೆದಿವೆಯೇ ಎಂದು ಕೇಳುವಷ್ಟು ತಿಳಿದಿರಬೇಕು. ಸೆನ್ಸರ್ ಬದಲಿಸಬೇಕೆಂದು ಹೇಳಿದಾಗ ಮರ್ಯಾದೆಯಿಂದ ಮೂರು ಮಾತು ಕೇಳಿ: ಬಂದ ಸಂಕೇತ ಯಾವುದು? ವೈರು, 5 ವೋಲ್ಟ್ ಮತ್ತು ಅರ್ತ್ ಅಳೆದಿದ್ದೀರಾ? ಅಳತೆ ಎಷ್ಟು ಬಂತು? ಒಳ್ಳೆಯ ಮೆಕ್ಯಾನಿಕ್ ಈ ಪ್ರಶ್ನೆಗೆ ಬೇಸರಪಡುವುದಿಲ್ಲ, ಅಳತೆಯನ್ನು ತೋರಿಸುತ್ತಾನೆ. ಪರೀಕ್ಷೆಗೆ ಅವನು ಕೂಲಿ ಕೇಳಿದರೆ ಸಂತೋಷದಿಂದ ಕೊಡಿ. ಬೇಡದ ಭಾಗದ ಬೆಲೆಗಿಂತ ಅದು ಕಡಿಮೆಯೇ. ತೆಗೆದ ಹಳೆಯ ಸೆನ್ಸರನ್ನು ಕೇಳಿ ತೆಗೆದುಕೊಳ್ಳಿ. ರಿಪೇರಿಯಾದ ಮೇಲೆ ಸಂಕೇತ ಅಳಿಸಿ, ತೊಂದರೆ ಮೊದಲು ಕಾಣಿಸಿದ್ದ ಸ್ಥಿತಿಯಲ್ಲಿಯೇ ಗಾಡಿಯನ್ನು ಓಡಿಸಿ ನೋಡಿ. ಏರಿನಲ್ಲಿ ಬಂದ ದೋಷ ಏರಿನಲ್ಲಿಯೇ ವಾಸಿಯಾಗಿದೆಯೆಂದು ತಿಳಿಯಬೇಕು.

ಗೂಡು ಹಣ್ಣಾಗುವ ವಾರಕ್ಕೆ ಮೊದಲೇ ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಬ್ಯಾಟರಿ, ವೈರು, ಕೊಳವೆ, ಕೂಲೆಂಟ್ ಇಷ್ಟನ್ನು ನೋಡಿಕೊಳ್ಳಿ. ದೀಪ ಹತ್ತಿದ್ದರೆ ಅಂದೇ ಪರೀಕ್ಷೆ ಮಾಡಿಸಿ. ಗೂಡು ತುಂಬಿದ ದಿನ ಹುಡುಕುತ್ತ ಕೂರಲು ಸಮಯವಿರುವುದಿಲ್ಲ.